ಬೇಸಿಗೆ ಸೂಟಿ ಬೇಕೇ, ವರ್ಷವಿಡೀ ಶಾಲೆ ಬೇಕೇ?

ಓದುಗರ ಪ್ರಶ್ನೆ: ಶಿಕ್ಷಣ ಅಂಕಣ

ಬೇಸಿಗೆ ಸೂಟಿ ಸಮೀಪಿಸಿದ ಹಾಗೆ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಓದುಗರಿಂದ ಒಂದೇ ವಿಷಯದ ಮೇಲೆ ಹಲವು ಪತ್ರಗಳು ಬಂದಿವೆ. ಒಂದೂವರೆ ತಿಂಗಳ ಉದ್ದನೆಯ ರಜೆಯನ್ನು ಒಡೆದು ವರ್ಷದುದ್ದಕ್ಕೂ ಸಣ್ಣ ಸಣ್ಣ ರಜೆಗಳಾಗಿ ಹಂಚಿದರೆ ಮಕ್ಕಳಿಗೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ಅವುಗಳ ತಿರುಳು. ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನನ್ನ ಮಗಳು ನಾಲ್ಕನೇ ತರಗತಿ. ಮಾರ್ಚ್ ತಿಂಗಳಲ್ಲಿ ಚೆನ್ನಾಗಿ ಮಾಡುತ್ತಿದ್ದ ಲೆಕ್ಕಗಳನ್ನು ಜೂನ್ ಬರುವಷ್ಟರಲ್ಲಿ ಪೂರ್ತಿ ಮರೆತಿರುತ್ತಾಳೆ. ಅಮೆರಿಕದಲ್ಲಿರುವ ನಮ್ಮ ಸಂಬಂಧಿಕರು ಅಲ್ಲಿ ಕೆಲವು ಶಾಲೆಗಳು ವರ್ಷವಿಡೀ ನಡೆಯುತ್ತವೆ, ಅದರಿಂದ ಮಕ್ಕಳು ಮರೆಯುವುದಿಲ್ಲ ಎನ್ನುತ್ತಾರೆ. ನಮ್ಮಲ್ಲಿಯೂ ಹಾಗೆ ಮಾಡಬಾರದೇ?
— ಒಬ್ಬ ತಾಯಿ, ಜಮಖಂಡಿ

ಉತ್ತರ: ತಾಯಿ, ವರ್ಷವಿಡೀ ಶಾಲೆ ಎಂದಾಕ್ಷಣ ಮಕ್ಕಳು ಹೆಚ್ಚು ದಿನ ಶಾಲೆಗೆ ಹೋಗುತ್ತಾರೆ ಎಂದು ನಾವು ಭಾವಿಸುತ್ತೇವೆ. ಅದು ಹಾಗಿಲ್ಲ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಶಾಲಾ ವರ್ಷ ಸುಮಾರು 180 ದಿನಗಳದ್ದು, ವರ್ಷವಿಡೀ ನಡೆಯುವ ಶಾಲೆಯಲ್ಲಿಯೂ ಸಾಮಾನ್ಯವಾಗಿ ಅಷ್ಟೇ ದಿನ ಪಾಠ ನಡೆಯುತ್ತದೆ. ವ್ಯತ್ಯಾಸ ಇರುವುದು ರಜೆಯ ಹಂಚಿಕೆಯಲ್ಲಿ ಮಾತ್ರ. ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ 45 ದಿನ ಪಾಠ, 15 ದಿನ ರಜೆ; ಇದೇ ಸುತ್ತು ವರ್ಷಕ್ಕೆ ನಾಲ್ಕು ಬಾರಿ ಬರುತ್ತದೆ. ಎರಡೂವರೆ ತಿಂಗಳ ಬೇಸಿಗೆ ರಜೆ ಹೋಗಿ, ಮೂರು ಮೂರು ವಾರಗಳ ರಜೆಗಳು ಬರುತ್ತವೆ.

ಇದನ್ನು ನಮ್ಮ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 200 ದಿನ, 6ರಿಂದ 8ನೇ ತರಗತಿಗಳಿಗೆ ಕನಿಷ್ಠ 220 ದಿನ ಶಾಲೆ ನಡೆಯಬೇಕು. ರಾಜ್ಯದ 2024-25ರ ಶೈಕ್ಷಣಿಕ ವರ್ಷದಲ್ಲಿ ದಸರಾ ರಜೆ ಅಕ್ಟೋಬರ್ 3ರಿಂದ 20ರವರೆಗೆ ಇತ್ತು. ಬೇಸಿಗೆ ರಜೆ 2025ರ ಏಪ್ರಿಲ್ 11ರಿಂದ ಮೇ 28ರವರೆಗೆ ಇತ್ತು. ಅಂದರೆ ನಮ್ಮ ಮಕ್ಕಳು ಅಮೆರಿಕದ ಮಕ್ಕಳಿಗಿಂತ ಹೆಚ್ಚು ದಿನ ಶಾಲೆಗೆ ಹೋಗುತ್ತಾರೆ, ಅವರಿಗಿಂತ ಕಡಿಮೆ ಅವಧಿಯ ಬೇಸಿಗೆ ರಜೆ ಪಡೆಯುತ್ತಾರೆ, ನಡುವೆ ದೊಡ್ಡದೊಂದು ದಸರಾ ರಜೆಯೂ ನಮ್ಮವರಿಗಿದೆ. ಅಲ್ಲಿನ ಔಷಧಿಯನ್ನು ಅದೇ ಪ್ರಮಾಣದಲ್ಲಿ ಇಲ್ಲಿ ಕುಡಿಸಬೇಕಾದ ಕಾರಣವಿಲ್ಲ.

ಆದರೆ ಮರೆವಿನ ಬಗ್ಗೆ ನೀವು ಹೇಳಿದ್ದು ಸತ್ಯ. 1996ರಲ್ಲಿ ಹ್ಯಾರಿಸ್ ಕೂಪರ್ ಎಂಬ ಅಮೆರಿಕದ ಸಂಶೋಧಕರು ತಮ್ಮ ಸಹೋದ್ಯೋಗಿಗಳೊಂದಿಗೆ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬೇಸಿಗೆ ರಜೆಯ ನಂತರ ಮಕ್ಕಳು ಸರಾಸರಿ ಒಂದು ತಿಂಗಳ ಪಾಠದಷ್ಟು ಹಿಂದೆ ಬಿದ್ದಿರುತ್ತಾರೆ ಎಂದು ಕಂಡುಬಂದಿತು. ಓದಿಗಿಂತ ಗಣಿತದಲ್ಲಿ ನಷ್ಟ ಹೆಚ್ಚಾಗಿತ್ತು. ಓದಿನ ವಿಷಯದಲ್ಲಿ ಬಡ ಕುಟುಂಬದ ಮಕ್ಕಳು ಹಿಂದೆ ಬಿದ್ದರೆ, ಮನೆಯಲ್ಲಿ ಪುಸ್ತಕಗಳಿರುವ ಮಕ್ಕಳು ನಿಂತಲ್ಲೇ ನಿಂತಿದ್ದರು ಅಥವಾ ತುಸು ಮುಂದೆ ಹೋಗಿದ್ದರು. ಪರೀಕ್ಷೆಯ ಅಂಕಗಳನ್ನು ಅಳೆಯುವ ವಿಧಾನ ಬದಲಾದರೆ ಈ ನಷ್ಟದ ಗಾತ್ರವೂ ಬದಲಾಗುತ್ತದೆ ಎಂದು ಇತ್ತೀಚಿನ ಸಂಶೋಧಕರು ತೋರಿಸಿದ್ದಾರೆ. ಅದೇ ಕೂಪರ್ ಅವರು 2003ರಲ್ಲಿ, ರಜೆಯನ್ನು ಒಡೆದು ಹಂಚಿದ ಶಾಲೆಗಳ ಫಲಿತಾಂಶವನ್ನು ಉಳಿದ ಶಾಲೆಗಳೊಂದಿಗೆ ಹೋಲಿಸಿದ ಅಧ್ಯಯನಗಳನ್ನು ಪರಿಶೀಲಿಸಿದರು. ಒಟ್ಟಾರೆ ಲಾಭ ಬಹಳ ಸಣ್ಣದಾಗಿತ್ತು. ಬಡ ಮಕ್ಕಳಿಗೆ ಮತ್ತು ಕಲಿಕೆಯಲ್ಲಿ ಹಿಂದುಳಿದವರಿಗೆ ಮಾತ್ರ ಅದು ಸ್ವಲ್ಪ ಹೆಚ್ಚಾಗಿ ಕಂಡಿತ್ತು. ರಜೆಯನ್ನು ತುಂಡು ಮಾಡಿದ ಮಾತ್ರಕ್ಕೆ ಮರೆವು ಹೋಗುವುದಿಲ್ಲ, ಏಕೆಂದರೆ ಒಂದು ದೊಡ್ಡ ಮರೆವಿನ ಬದಲು ನಾಲ್ಕು ಸಣ್ಣ ಮರೆವುಗಳು ಬರುತ್ತವೆ.

ಜೂನ್ ಮೊದಲ ವಾರ ಐದನೇ ತರಗತಿಗೆ ಹೋಗಿ ಕಪ್ಪು ಹಲಗೆಯ ಮೇಲೆ 402ರಿಂದ 157 ಕಳೆಯಿರಿ ಎಂದು ಬರೆದರೆ ಏನಾಗುತ್ತದೆ ಎಂಬುದು ಪ್ರಾಥಮಿಕ ಶಾಲೆಯ ಎಲ್ಲ ಶಿಕ್ಷಕರಿಗೂ ಗೊತ್ತು. ತರಗತಿಯ ಅನೇಕ ಮಕ್ಕಳ ಪಾಟಿಯ ಮೇಲೆ 355 ಎಂಬ ಉತ್ತರ ಇರುತ್ತದೆ. ಎರಡರಲ್ಲಿ ಏಳು ಹೋಗುವುದಿಲ್ಲ ಎಂದಾಗ ಅವರು ಏಳರಲ್ಲಿ ಎರಡನ್ನು ಕಳೆದಿರುತ್ತಾರೆ; ನಡುವೆ ಸೊನ್ನೆ ಇದ್ದಲ್ಲಿ ಐದರಲ್ಲಿ ಸೊನ್ನೆಯನ್ನು ಕಳೆದಿರುತ್ತಾರೆ. ಅವರು ಕಳೆಯುವುದನ್ನು ಮರೆತಿಲ್ಲ, ಪಕ್ಕದ ಮನೆಯಿಂದ ದಶಕ ತರುವ ಕ್ರಮವನ್ನಷ್ಟೇ ಮರೆತಿದ್ದಾರೆ. ಇಂಥ ಮರೆವನ್ನು ಸರಿಪಡಿಸಲೆಂದೇ ನಮ್ಮ ರಾಜ್ಯದಲ್ಲಿ ಶಾಲೆ ಆರಂಭವಾದ ಕೂಡಲೇ ಹಿಂದಿನ ತರಗತಿಯ ಕಲಿಕೆಯನ್ನು ಮರಳಿ ಗಟ್ಟಿಮಾಡುವ ಸೇತುಬಂಧ ನಡೆಯುತ್ತದೆ. ಸೇತುಬಂಧವನ್ನು ದಾಖಲೆ ತುಂಬುವ ಕೆಲಸವೆಂದು ಭಾವಿಸದೆ, ಪ್ರತಿ ಮಗುವಿನ ಪಾಟಿಯನ್ನು ನೋಡಿ ನಡೆಸಿದರೆ ನಾಲ್ಕನೇ ತರಗತಿಯ ಗಣಿತ ಎರಡು ವಾರಗಳಲ್ಲಿ ಮರಳಿ ಬರುತ್ತದೆ. ನಿಮ್ಮ ಮಗಳಿಗೆ ಸೂಟಿಯಲ್ಲಿ ದಿನಕ್ಕೆ ನಾಲ್ಕೇ ಲೆಕ್ಕ ಕೊಡಿ, ಸಂತೆಯ ಚೀಟಿಯ ಮೊತ್ತವನ್ನು ಅವಳೇ ಕೂಡಿಸಲಿ. ಅದಕ್ಕಿಂತ ಹೆಚ್ಚು ಬೇಡ.

ಪ್ರಶ್ನೆ: ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಶಾಲೆಯ ಎರಡು ಕೋಣೆಗಳಿಗೆ ತಗಡಿನ ಛಾವಣಿ ಇದೆ. ಮಾರ್ಚ್ ಕೊನೆಗೇ ಮಕ್ಕಳನ್ನು ಕೂಡಿಸುವುದು ಕಷ್ಟವಾಗುತ್ತದೆ. ಇನ್ನು ಮೇ ತಿಂಗಳಲ್ಲಿಯೂ ಪಾಠ ಮಾಡಿ ಎಂದರೆ ಹೇಗೆ?
— ಶಿಕ್ಷಕಿ, ಇಂಡಿ ತಾಲ್ಲೂಕು

ಉತ್ತರ: ಮಾಡಲಾಗುವುದಿಲ್ಲ, ಮಾಡಲೂ ಬಾರದು ಎಂಬುದೇ ನನ್ನ ನೇರ ಉತ್ತರ. ವಿಜಯಪುರ ಮತ್ತು ಬಾಗಲಕೋಟೆಯಲ್ಲಿ ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಸರ್ಕಾರವೇ ಇದನ್ನು ಒಪ್ಪಿಕೊಂಡು, ಕಲಬುರಗಿ ವಿಭಾಗದ ಜಿಲ್ಲೆಗಳೊಂದಿಗೆ ಈ ಎರಡು ಜಿಲ್ಲೆಗಳ ಕಚೇರಿಗಳ ವೇಳೆಯನ್ನು ಬೇಸಿಗೆಯಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುತ್ತ ಬಂದಿದೆ. ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂರುವ ದೊಡ್ಡವರಿಗೇ ಈ ರಿಯಾಯಿತಿ ಬೇಕಾದರೆ, ನೆಲದ ಮೇಲೆ ಕೂರುವ ಎಂಟು ವರ್ಷದ ಮಗುವಿಗೆ ಬೇಡವೇ?

ತಗಡಿನ ಕೋಣೆಯ ಮಧ್ಯಾಹ್ನ ಹೇಗಿರುತ್ತದೆ ಎಂಬುದನ್ನು ವೇಳಾಪಟ್ಟಿ ಬರೆಯುವವರು ಒಮ್ಮೆ ಬಂದು ನೋಡಬೇಕು. ಹನ್ನೊಂದು ಗಂಟೆಗೆ ಮಕ್ಕಳು ಗೋಡೆ ಬಿಟ್ಟು ಬಾಗಿಲಿನ ಕಡೆ ಸರಿಯುತ್ತಾರೆ. ಹನ್ನೆರಡಕ್ಕೆ ನೀರಿನ ಬಾಟಲಿಗಳು ಖಾಲಿಯಾಗಿ, ನೀರು ಕುಡಿಯಲು ಹೊರಗೆ ಹೋಗುವುದಾಗಿ ಒಬ್ಬೊಬ್ಬರೇ ಕೈ ಎತ್ತುತ್ತಾರೆ. ಬಿಸಿಯೂಟ ಮುಗಿದ ಮೇಲೆ ಮುಂದಿನ ಸಾಲಿನ ಮಕ್ಕಳೂ ತೂಕಡಿಸುತ್ತಾರೆ. ಬೇವಿನ ಮರವಿರುವ ಶಾಲೆಯಲ್ಲಿ ಶಿಕ್ಷಕರು ತರಗತಿಯನ್ನೇ ಮರದ ಕೆಳಗೆ ಸಾಗಿಸುತ್ತಾರೆ. ಕಪ್ಪು ಹಲಗೆ ಮಾತ್ರ ಒಳಗೆ ಉಳಿಯುತ್ತದೆ. ಶಾಲಾ ದಿನಗಳ ಸಂಖ್ಯೆಯನ್ನು ಕಾಗದದ ಮೇಲೆ ಹೆಚ್ಚಿಸಬಹುದು, ಆದರೆ ಇಂಥ ಮಧ್ಯಾಹ್ನಗಳಲ್ಲಿ ಕಲಿಕೆ ಹೆಚ್ಚುವುದಿಲ್ಲ. ಅಮೆರಿಕದ ಪ್ರೌಢಶಾಲಾ ವಿದ್ಯಾರ್ಥಿಗಳ ಅಂಕಗಳನ್ನು ಆಧರಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹವಾನಿಯಂತ್ರಣವಿಲ್ಲದ ಶಾಲೆಗಳಲ್ಲಿ ವರ್ಷದ ಉಷ್ಣಾಂಶ ಒಂದು ಫ್ಯಾರನ್‌ಹೀಟ್ ಡಿಗ್ರಿ ಹೆಚ್ಚಾದರೆ ಆ ವರ್ಷದ ಕಲಿಕೆ ಸುಮಾರು ಶೇ 1ರಷ್ಟು ಕುಗ್ಗುತ್ತದೆ ಎಂದು ಹೇಳಿದೆ. ಅಲ್ಲಿಯ ಸೆಕೆಗೇ ಹೀಗಾದರೆ ಇಂಡಿಯ ಬಿಸಿಲಿನ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಪ್ರಶ್ನೆಯ ಹಿಂದೆ ಇನ್ನೊಂದು ಮಾತಿದೆ. ಅದೇ ದಿನಗಳಲ್ಲಿ ಬೆಳಗಾವಿ ನಗರದಲ್ಲಿ, ಅದು ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ ಇರುವುದರಿಂದ, ಬೆಳಗಿನ ಶಾಲೆಯನ್ನು ನಿರಾತಂಕವಾಗಿ ನಡೆಸಬಹುದು. ಅತ್ತ ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಿ ಮೇ ತಿಂಗಳಿಗಿಂತ ಜುಲೈ ಕಠಿಣ: ಹಳ್ಳಗಳು ತುಂಬಿ, ಮಕ್ಕಳು ಶಾಲೆಗೆ ಬರಲು ದಾರಿಯೇ ಇರುವುದಿಲ್ಲ, ಜಿಲ್ಲಾಧಿಕಾರಿಗಳು ಮಳೆಗಾಗಿ ರಜೆ ಘೋಷಿಸಬೇಕಾಗುತ್ತದೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ದಂಡೆಯ ಊರುಗಳಿಗೆ ಆಗಸ್ಟ್ ತಿಂಗಳೇ ಭಯದ ತಿಂಗಳು. 2019ರ ಆಗಸ್ಟ್ ಪ್ರವಾಹದಲ್ಲಿ ಎಷ್ಟೋ ಶಾಲಾ ಕಟ್ಟಡಗಳು ನೀರಿನಲ್ಲಿ ನಿಂತವು, ಉಳಿದ ಎಷ್ಟೋ ಕಟ್ಟಡಗಳಲ್ಲಿ ನಿರಾಶ್ರಿತರು ಉಳಿದುಕೊಂಡರು. ಮೂರು ಜಿಲ್ಲೆಗಳಲ್ಲಿ ಮೂರು ಬಗೆಯ ಹವೆ ಇರುವಾಗ ರಜೆಯ ತಾರೀಖು ಮಾತ್ರ ಬೆಂಗಳೂರಿನಿಂದ ಒಂದೇ ಆಗಿ ಬರುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಶಾಲಾ ವೇಳಾಪಟ್ಟಿಯನ್ನು ಜಿಲ್ಲಾ ಮಟ್ಟದಲ್ಲಿ, ಜಿಲ್ಲಾ ಪಂಚಾಯಿತಿಯೊಂದಿಗೆ ಸಮಾಲೋಚಿಸಿ, ಸ್ಥಳೀಯ ಹವಾಮಾನ ಮತ್ತು ಹಬ್ಬಗಳಿಗೆ ಹೊಂದುವಂತೆ ರೂಪಿಸಬಹುದು ಎಂದು ಹೇಳಿತ್ತು. ಆ ಮಾತನ್ನು ಯಾರೂ ಗಟ್ಟಿಯಾಗಿ ಹಿಡಿದುಕೊಳ್ಳಲಿಲ್ಲ ಎಂಬುದು ನನ್ನ ನೋವು.

ಪ್ರಶ್ನೆ: ನಮ್ಮ ತಾಂಡಾದ ಬಹಳ ಜನ ದೀಪಾವಳಿ ಮುಗಿದ ಮೇಲೆ ಕಬ್ಬು ಕಡಿಯಲು ಗ್ಯಾಂಗಿನೊಂದಿಗೆ ಗುಳೆ ಹೋಗುತ್ತಾರೆ. ಮಕ್ಕಳೂ ಅವರೊಂದಿಗೆ ಹೋಗುತ್ತಾರೆ. ಯುಗಾದಿ ಹೊತ್ತಿಗೆ ಮರಳಿ ಬಂದಾಗ ಶಾಲೆಯಲ್ಲಿ ಪರೀಕ್ಷೆ ನಡೆದಿರುತ್ತದೆ, ಆಮೇಲೆ ಬೀಗ. ವರ್ಷವಿಡೀ ಶಾಲೆ ಇದ್ದರೆ ನಮ್ಮ ಮಕ್ಕಳಿಗೆ ಅನುಕೂಲವಾಗುತ್ತಿತ್ತಲ್ಲವೇ?
— ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ, ಬಸವನ ಬಾಗೇವಾಡಿ ತಾಲ್ಲೂಕು

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನಿಮ್ಮ ಪತ್ರ. ವರ್ಷವಿಡೀ ಶಾಲೆಯ ಪರವಾಗಿ ನಮ್ಮ ನೆಲದಲ್ಲಿ ಹೇಳಬಹುದಾದ ಗಟ್ಟಿಯಾದ ವಾದವೂ ನಿಮ್ಮದೇ.

ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮು ಅಕ್ಟೋಬರ್ ಕೊನೆ ಅಥವಾ ನವೆಂಬರ್‌ನಲ್ಲಿ ಆರಂಭವಾಗಿ ಮಾರ್ಚ್ ಆಸುಪಾಸಿಗೆ ಮುಗಿಯುತ್ತದೆ. ಶಾಲಾ ವರ್ಷದ ಎರಡನೇ ಅವಧಿಯೂ ಇದೇ. ಹೀಗಾಗಿ ಗುಳೆ ಹೋಗುವ ಮಗುವಿಗೆ ಪ್ರತಿ ವರ್ಷದ ಅರ್ಧ ಪಠ್ಯ ತಪ್ಪುತ್ತದೆ, ತಪ್ಪುವುದು ಪ್ರತಿ ಸಲವೂ ಅದೇ ಅರ್ಧ. ಮೂರನೇ ತರಗತಿಯಲ್ಲಿ ಭಾಗಾಕಾರ ತಪ್ಪಿದರೆ ನಾಲ್ಕರಲ್ಲಿ ಭಿನ್ನರಾಶಿ ತಪ್ಪುತ್ತದೆ. ಹಾಜರಿ ಪುಸ್ತಕದಲ್ಲಿ ಮತ್ತು ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಆ ಮಗುವಿನ ಹೆಸರು ಇರುತ್ತದೆ. ಮಗು ಮಾತ್ರ ಕಬ್ಬಿನ ಗದ್ದೆಯ ಬದಿಯ ಜೋಪಡಿಯಲ್ಲಿ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳುತ್ತ ಇರುತ್ತದೆ. ಮರಳಿ ಬಂದ ಏಪ್ರಿಲ್-ಮೇ ತಿಂಗಳುಗಳಲ್ಲಿ ಅದು ಊರಿನಲ್ಲಿಯೇ ಇದ್ದರೂ ಶಾಲೆಗೆ ಬೀಗ. ಶಾಲೆ ತೆರೆದಿರುವ ಕಾಲವೂ ಮಗು ಊರಿನಲ್ಲಿರುವ ಕಾಲವೂ ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿವೆ.

ಸರ್ಕಾರ ಇದಕ್ಕೆ ಎರಡು ದಾರಿಗಳನ್ನು ಪ್ರಯತ್ನಿಸಿದೆ. ಕೆಲಸದ ಜಾಗದಲ್ಲಿ ಟೆಂಟ್ ಶಾಲೆಗಳನ್ನು ತೆರೆಯುವುದು ಒಂದು. ಊರಿನಲ್ಲಿಯೇ ಮಕ್ಕಳನ್ನು ಉಳಿಸಿಕೊಳ್ಳಲು ಋತುಮಾನದ ವಸತಿ ಕೇಂದ್ರಗಳನ್ನು ನಡೆಸುವುದು ಇನ್ನೊಂದು. ಎರಡನೆಯದು ಉತ್ತಮ, ಏಕೆಂದರೆ ಅಲ್ಲಿ ಮಗು ತನ್ನ ಶಾಲೆ, ತನ್ನ ಶಿಕ್ಷಕರು, ತನ್ನ ಪುಸ್ತಕಗಳೊಂದಿಗೇ ಉಳಿಯುತ್ತದೆ. ಆದರೆ ತಾಂಡಾದಲ್ಲಿ ಅಜ್ಜಿಯೋ ಅತ್ತೆಯೋ ಇಲ್ಲದ ಮನೆಯವರು ಆರೇಳು ವರ್ಷದ ಹೆಣ್ಣುಮಗುವನ್ನು ಬಿಟ್ಟು ಹೋಗಲು ಒಪ್ಪುವುದಿಲ್ಲ, ಅವರನ್ನು ದೂರುವಂತೆಯೂ ಇಲ್ಲ.

ಆದ್ದರಿಂದ ಮೂರನೆಯ ದಾರಿಯೊಂದನ್ನು ಸೂಚಿಸುತ್ತೇನೆ. ಎಲ್ಲ ಶಾಲೆಗಳ ರಜೆಯನ್ನೂ ಒಡೆಯಬೇಕಾಗಿಲ್ಲ. ಗುಳೆ ಹೋಗುವ ಊರುಗಳಲ್ಲಿ ಮಾತ್ರ ಯುಗಾದಿಯ ನಂತರ ಆರು ವಾರಗಳ ಬೆಳಗಿನ ಶಾಲೆ ನಡೆಯಲಿ. ಏಳು ಗಂಟೆಗೆ ಆರಂಭವಾಗಿ ಹತ್ತಕ್ಕೆ ಪಾಠ ಮುಗಿಯಲಿ, ಊಟ ಮಾಡಿ ಮಕ್ಕಳು ಬಿಸಿಲೇರುವ ಮೊದಲು ಮನೆ ಸೇರಲಿ. ವಯಸ್ಸು, ತರಗತಿ ನೋಡದೆ ಯಾರಿಗೆ ಯಾವ ಕಲಿಕೆ ತಪ್ಪಿದೆಯೋ ಅದನ್ನೇ ಕಲಿಸಬೇಕು. ನಮ್ಮ ರಾಜ್ಯದಲ್ಲಿ ಶಾಲೆ ಬಿಟ್ಟ ಮಕ್ಕಳಿಗಾಗಿ ಚಿಣ್ಣರ ಅಂಗಳ ನಡೆಸಿದ ಅನುಭವವಿದೆ. ಒಂದೇ ಕೋಣೆಯಲ್ಲಿ ಹಲವು ಮಟ್ಟದ ಮಕ್ಕಳಿಗೆ ಕಲಿಸುವ ನಲಿ-ಕಲಿಯ ಅನುಭವವಂತೂ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಅದು ಶುರುವಾದಂದಿನಿಂದಲೂ ಬೆಳೆದು ಬಂದಿದೆ. ಕೋವಿಡ್ ನಂತರ ಕಲಿಕಾ ಚೇತರಿಕೆಗಾಗಿ 2022ರಲ್ಲಿ ಇಡೀ ರಾಜ್ಯದ ಶಾಲೆಗಳನ್ನು ಮೇ 16ಕ್ಕೇ ತೆರೆಯಲಾಯಿತು. ಅಗತ್ಯ ಬಿದ್ದರೆ ರಜೆಯ ತಾರೀಖು ಬದಲಾಗಬಲ್ಲದು ಎಂಬುದಕ್ಕೆ ಅದೇ ಸಾಕ್ಷಿ. ಎರಡು ವರ್ಷ ಶಾಲೆ ತಪ್ಪಿದ ಎಲ್ಲ ಮಕ್ಕಳಿಗಾಗಿ ಅದು ಸಾಧ್ಯವಾಯಿತು. ಪ್ರತಿ ವರ್ಷವೂ ಐದು ತಿಂಗಳು ಶಾಲೆ ತಪ್ಪುವ ನಿಮ್ಮ ತಾಂಡಾದ ಮಕ್ಕಳಿಗಾಗಿ ಏಕೆ ಸಾಧ್ಯವಾಗಬಾರದು?

ಊಟದ ಮಾತನ್ನು ಬೇಕೆಂದೇ ಎತ್ತಿದ್ದೇನೆ. ಬಿಸಿಯೂಟ, ಹಾಲು, ಮೊಟ್ಟೆ ಇವೆಲ್ಲವೂ ಬಡ ಮಗುವಿಗೆ ಶಾಲೆಯೊಂದಿಗೇ ಬರುತ್ತವೆ, ರಜೆಯೊಂದಿಗೇ ನಿಲ್ಲುತ್ತವೆ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲಿಯೂ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲಿ ಆದೇಶಿಸಿತು. 2024ರ ಬರದಲ್ಲಿ ನಮ್ಮ ಸರ್ಕಾರವೂ ರಜೆಯಲ್ಲಿ ಊಟ ನೀಡಿತು. ಊಟಕ್ಕೆಂದು ಮಕ್ಕಳು ಹೇಗೂ ಬರುವ ಅಂಗಳದಲ್ಲಿ ಒಬ್ಬ ಶಿಕ್ಷಕ, ಒಂದು ಪೆಟ್ಟಿಗೆ ಕಥೆ ಪುಸ್ತಕ, ಒಂದು ಕಪ್ಪು ಹಲಗೆ ಇದ್ದರೆ ಅದೇ ಶಾಲೆ.

ಪ್ರಶ್ನೆ: ವರ್ಷವಿಡೀ ಶಾಲೆ ಎಂದರೆ ಶಿಕ್ಷಕರ ರಜೆಗೆ ಕತ್ತರಿ ಎಂದೇ ಅರ್ಥವಲ್ಲವೇ? ಈಗಾಗಲೇ ಚುನಾವಣೆ, ಗಣತಿ, ಸಮೀಕ್ಷೆ ಎಂದು ರಜೆಗಳು ಹೋಗುತ್ತಿವೆ.
— ಪ್ರೌಢಶಾಲಾ ಸಹ ಶಿಕ್ಷಕ, ಗೋಕಾಕ

ಉತ್ತರ: ನಿಮ್ಮ ಆತಂಕ ಸಹಜ. ಶಿಕ್ಷಣ ಇಲಾಖೆ ರಜಾ ಸಹಿತ (ಉದ್ದನೆಯ ರಜೆಗಳಿರುವ) ಇಲಾಖೆಯಾದ್ದರಿಂದ ಇತರ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ (ದುಡಿದದ್ದಕ್ಕಾಗಿ ಖಾತೆಗೆ ಜಮೆಯಾಗುವ ರಜೆ) ಸಿಕ್ಕರೆ ಶಿಕ್ಷಕರಿಗೆ 10 ದಿನ ಮಾತ್ರ ಸಿಗುತ್ತದೆ. ಬೇಸಿಗೆ ಮತ್ತು ದಸರಾ ರಜೆಗಳು ಆ ಕೊರತೆಗೆ ಬದಲಾಗಿ ಬಂದವು. 2025ರಲ್ಲಿ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದಾಗ ಮಕ್ಕಳಿಗೆ ಪಾಠ ತಪ್ಪಿತು, ಶಿಕ್ಷಕರಿಗೆ ರಜೆಯೂ ತಪ್ಪಿತು. ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ಬಂದ ಮೇಲೆ ಪ್ರೌಢಶಾಲಾ ಶಿಕ್ಷಕರ ಬೇಸಿಗೆ ಇನ್ನೂ ಕಿರಿದಾಗಿದೆ.

ಹಾಗಾಗಿ ಬೇಸಿಗೆಯಲ್ಲಿ ಪಾಠ ಮಾಡುವವರಿಗೆ ಅಷ್ಟು ದಿನಗಳ ಗಳಿಕೆ ರಜೆಯನ್ನು ಖಾತೆಗೆ ಜಮಾ ಮಾಡದೆ ಯಾವ ಬದಲಾವಣೆಯನ್ನೂ ಹೇರಬಾರದು. ನಿಮ್ಮ ಜೊತೆ ಕೆಲಸ ಮಾಡುವ ಇನ್ನಿಬ್ಬರನ್ನೂ ಮರೆಯಬೇಡಿ. ಅತಿಥಿ ಶಿಕ್ಷಕರಿಗೂ ಬಿಸಿಯೂಟದ ಅಡುಗೆಯವರಿಗೂ ವರ್ಷದಲ್ಲಿ ಹತ್ತು ತಿಂಗಳ ಗೌರವಧನ ಮಾತ್ರ. ಬೇಸಿಗೆಯ ಎರಡು ತಿಂಗಳು ಆ ತಾಯಂದಿರು ಕೂಲಿ ಹುಡುಕಿಕೊಂಡು ಹೋಗುತ್ತಾರೆ. ಬೇಸಿಗೆ ಕೇಂದ್ರಗಳು ನಡೆದರೆ, ಹನ್ನೆರಡು ತಿಂಗಳ ಗೌರವಧನವೂ ಅದರೊಂದಿಗೇ ಬಂದರೆ, ಈ ಬದಲಾವಣೆಯಿಂದ ಎಲ್ಲರಿಗಿಂತ ಮೊದಲು ಉಸಿರಾಡುವವರು ಅವರೇ.

ಪ್ರಶ್ನೆ: ನಾನು ಒಂಬತ್ತನೇ ತರಗತಿ. ನಮ್ಮ ಖಾಸಗಿ ಶಾಲೆಯಲ್ಲಿ ಹತ್ತನೇ ತರಗತಿಯ ಪಾಠಗಳನ್ನು ಏಪ್ರಿಲ್‌ನಿಂದಲೇ ಶುರುಮಾಡುತ್ತಾರೆ, ಸೂಟಿ ಹತ್ತು ದಿನ ಮಾತ್ರ ಅಂತೆ. ಮುತ್ಯಾನ ಊರಿಗೆ ಹೋಗಬೇಕೆಂದರೆ ಮನೆಯಲ್ಲಿ ಬೇಡ ಎನ್ನುತ್ತಾರೆ. ವರ್ಷವಿಡೀ ಶಾಲೆ ಎಂದರೆ ಇದೇನಾ, ಸರ್?
— ವಿದ್ಯಾರ್ಥಿನಿ, ಬಾದಾಮಿ

ಉತ್ತರ: ಅಲ್ಲ, ಮಗಳೇ. ವರ್ಷವಿಡೀ ಶಾಲೆಯಲ್ಲಿ ರಜೆ ಕಡಿಮೆಯಾಗುವುದಿಲ್ಲ, ಬೇರೆ ತಿಂಗಳುಗಳಿಗೆ ಹಂಚಿಹೋಗುತ್ತದೆ. ನಿಮ್ಮಲ್ಲಿ ನಡೆಯುತ್ತಿರುವುದು ರಜೆಯನ್ನು ಕಸಿದುಕೊಳ್ಳುವ ಕೆಲಸ. ಫಲಿತಾಂಶದ ಪೈಪೋಟಿಗಾಗಿ ಮಾಡುವ ಇದಕ್ಕೆ ಶೈಕ್ಷಣಿಕ ಸುಧಾರಣೆಯ ಹೆಸರು ಕೊಡಬಾರದು. ನಿನ್ನ ಅಪ್ಪ-ಅವ್ವನಿಗೆ ಈ ಪುಟ ತೋರಿಸು. ಒಂದು ತಿಂಗಳು ಮುಂಚೆ ಪಾಠ ಶುರುವಾದರೆ ಹತ್ತನೇ ತರಗತಿಯ ಪುಸ್ತಕ ಡಿಸೆಂಬರ್‌ನಲ್ಲಿ ಮುಗಿಯಬಹುದು, ಆದರೆ ಆಮೇಲಿನ ತಿಂಗಳುಗಳು ಹಳೆಯ ಪ್ರಶ್ನೆಪತ್ರಿಕೆಗಳ ಉರುಹೊಡೆಯುವಿಕೆಯಲ್ಲಿಯೇ ಕಳೆಯುತ್ತವೆ. ಮುತ್ಯಾನ ಊರಿನಲ್ಲಿ ಎರಡು ವಾರ ಇದ್ದು, ಜಾತ್ರೆ ನೋಡಿ, ಕಾಕಾನ ಮಕ್ಕಳ ಜೊತೆ ಬಾವಿಯಲ್ಲಿ ಈಜು ಕಲಿತು ಬಂದವಳು ಓದಿನಲ್ಲಿ ಹಿಂದೆ ಬೀಳುವುದಿಲ್ಲ.

ನಿನ್ನ ಪತ್ರದ ನೆಪದಲ್ಲಿ ದೊಡ್ಡವರಿಗೆ ಒಂದು ಮಾತು ಹೇಳಲೇಬೇಕು. ರಜೆ ಎಲ್ಲ ಹುಡುಗಿಯರಿಗೂ ಮುತ್ಯಾನ ಊರಲ್ಲ. ಎಂಟು, ಒಂಬತ್ತು, ಹತ್ತನೇ ತರಗತಿಯ ಎಷ್ಟೋ ಹೆಣ್ಣುಮಕ್ಕಳಿಗೆ ಏಪ್ರಿಲ್-ಮೇ ಎಂದರೆ ನೀರು ತರುವುದು, ರೊಟ್ಟಿ ಬಡಿಯುವುದು, ದ್ರಾಕ್ಷಿ ತೋಟದ ಕೂಲಿ. ಮದುವೆಯ ಹಂಗಾಮೂ ಅದೇ. ಅಕ್ಷಯ ತೃತೀಯದ ಮುಂಚೆ ಅಧಿಕಾರಿಗಳು ಬಾಲ್ಯವಿವಾಹದ ಮೇಲೆ ವಿಶೇಷವಾಗಿ ಕಣ್ಣಿಡುವುದು ಸುಮ್ಮನೆ ಅಲ್ಲ. ಶಾಲೆ ನಡೆಯುವಾಗ ಒಬ್ಬ ಹುಡುಗಿ ನಾಲ್ಕು ದಿನ ಬರದಿದ್ದರೆ ಶಿಕ್ಷಕರು ವಿಚಾರಿಸುತ್ತಾರೆ, ಗೆಳತಿಯರು ಸುದ್ದಿ ತರುತ್ತಾರೆ. ರಜೆಯಲ್ಲಿ ಅವಳು ಎಲ್ಲಿದ್ದಾಳೆಂದು ಕೇಳುವವರಿಲ್ಲ. ಜೂನ್‌ನಲ್ಲಿ ಹಾಜರಿ ಕರೆದಾಗ ಉತ್ತರ ಬಾರದ ಹೆಸರುಗಳನ್ನು ನಮ್ಮ ಭಾಗದ ಪ್ರೌಢಶಾಲೆಗಳ ಶಿಕ್ಷಕರು ಬಲ್ಲರು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ನಮ್ಮ ರಾಜ್ಯ ತಂದ ತಿದ್ದುಪಡಿಯಿಂದಾಗಿ ಇಂಥ ಮದುವೆ ಮೂಲತಃ ಅಸಿಂಧು. ಆದರೂ ತಡೆಯಲು ಯಾರಿಗಾದರೂ ಗೊತ್ತಾಗಬೇಕಲ್ಲ. ಉದ್ದನೆಯ ರಜೆಯ ಅತಿ ದೊಡ್ಡ ಕೆಡುಕು ನನ್ನ ದೃಷ್ಟಿಯಲ್ಲಿ ಗಣಿತದ ಮರೆವಲ್ಲ, ಇದು. ವಾರಕ್ಕೆ ಎರಡು ಬೆಳಿಗ್ಗೆ ಗ್ರಂಥಾಲಯಕ್ಕೆಂದೋ ಆಟಕ್ಕೆಂದೋ ಪ್ರೌಢಶಾಲೆಯ ಬಾಗಿಲು ತೆರೆದಿದ್ದರೂ ಸಾಕು, ಹುಡುಗಿಯರು ಒಬ್ಬರನ್ನೊಬ್ಬರು ನೋಡುತ್ತಾರೆ. ಗೆಳತಿಗೆ ಮದುವೆ ಗೊತ್ತಾಗಿದೆ ಎಂಬ ಸುಳಿವು ಸಿಕ್ಕರೆ, ಮಗಳೇ, 1098ಕ್ಕೆ ಕರೆ ಮಾಡು. ಅದು ಮಕ್ಕಳ ಸಹಾಯವಾಣಿ.

ಪ್ರಶ್ನೆ: ನಾವಿಬ್ಬರೂ ಉದ್ಯೋಗಸ್ಥರು. ದೊಡ್ಡ ಮಗ ಸಿಬಿಎಸ್‌ಇ ಶಾಲೆಯಲ್ಲಿ, ಚಿಕ್ಕವಳು ರಾಜ್ಯ ಪಠ್ಯಕ್ರಮದ ಶಾಲೆಯಲ್ಲಿ ಇದ್ದಾರೆ. ಈಗಲೇ ಇಬ್ಬರ ರಜೆ ಕೂಡುವುದಿಲ್ಲ. ಸಣ್ಣ ರಜೆಗಳು ಹೆಚ್ಚಾದರೆ ಪಾಲಕರ ಪಾಡೇನು?
— ದಂಪತಿ, ಬೆಳಗಾವಿ

ಉತ್ತರ: ನಿಮ್ಮ ತೊಂದರೆ ನಿಜವಾದದ್ದು, ಇತರೆಡೆ ಅನುಭವಕ್ಕೂ ಬಂದದ್ದು. ಶಾಲೆಗಳಲ್ಲಿ ಜಾಗ ಸಾಲದಾದಾಗ ಲಾಸ್ ಏಂಜಲೀಸ್ ನಗರದಲ್ಲಿ ಮಕ್ಕಳನ್ನು ತಂಡಗಳಾಗಿ ವಿಂಗಡಿಸಿ, ಒಂದು ತಂಡ ರಜೆಯಲ್ಲಿದ್ದಾಗ ಉಳಿದವು ಶಾಲೆಯಲ್ಲಿರುವಂತೆ ಕಟ್ಟಡವನ್ನು ವರ್ಷವಿಡೀ ಬಳಸಿದರು. ಅಣ್ಣ-ತಂಗಿ ಬೇರೆ ಬೇರೆ ತಂಡಕ್ಕೆ ಬಿದ್ದರೆ ಮನೆಯವರು ಒಟ್ಟಿಗೆ ಎಲ್ಲಿಗೂ ಹೋಗುವಂತಿರಲಿಲ್ಲ. ಅದರ ಒಂದು ಪದ್ಧತಿಯಲ್ಲಿ ಶಾಲಾ ದಿನಗಳು 180ರಿಂದ 163ಕ್ಕೆ ಇಳಿದವು. ಬಡ ಬಡಾವಣೆಗಳ ಮಕ್ಕಳಿಗೆ ಹೀಗೆ ಕಡಿಮೆ ದಿನ ಸಿಗುತ್ತಿದ್ದುದು ನ್ಯಾಯಾಲಯದವರೆಗೂ ಹೋಗಿ, 2004ರ ರಾಜಿಯಲ್ಲಿ ಆ ಪದ್ಧತಿಯನ್ನು 2012ರೊಳಗೆ ಕೊನೆಗೊಳಿಸಬೇಕೆಂದು ತೀರ್ಮಾನವಾಯಿತು. ಜಾಗದ ಕೊರತೆಗೆ ಹೊಸ ಕೋಣೆ ಕಟ್ಟುವುದೇ ಉತ್ತರ, ವೇಳಾಪಟ್ಟಿಯ ಕಸರತ್ತಲ್ಲ. ನಿಮ್ಮಂಥವರಿಗಾಗಿ ಜಿಲ್ಲೆಯೊಳಗಿನ ಎಲ್ಲ ಪಠ್ಯಕ್ರಮಗಳ ಶಾಲೆಗಳಿಗೂ ಕನಿಷ್ಠ ಮೂರು ವಾರಗಳ ಸಮಾನ ಬೇಸಿಗೆ ರಜೆ ಇರಬೇಕು ಎಂದು ಕೇಳಬಹುದು.

ಪ್ರಶ್ನೆ: ಎಲ್ಲ ಸರಿ. ಕೊನೆಗೆ ನಮ್ಮ ಮೂರು ಜಿಲ್ಲೆಗಳಿಗೆ ಏನಾಗಬೇಕು ಎನ್ನುತ್ತೀರಿ? ಸ್ಪಷ್ಟವಾಗಿ ಹೇಳಿ.
— ನಿವೃತ್ತ ಮುಖ್ಯೋಪಾಧ್ಯಾಯರು, ಬೈಲಹೊಂಗಲ

ಉತ್ತರ: ಗುರುಗಳೇ, ಶಾಲಾ ದಿನಗಳ ಸಂಖ್ಯೆಯನ್ನು ಈಗಿನಷ್ಟೇ ಇಟ್ಟು, ಅವು ಬೀಳುವ ಜಾಗವನ್ನು ಬದಲಿಸಲು ಜಿಲ್ಲೆಗೆ ಅಧಿಕಾರ ಕೊಡಬೇಕು. 1964-66ರ ಕೊಠಾರಿ ಶಿಕ್ಷಣ ಆಯೋಗ ಶಾಲೆಗಳು ವರ್ಷಕ್ಕೆ 39 ವಾರ ನಡೆಯಲಿ ಎಂದಿತ್ತು. ಅಷ್ಟು ವಾರಗಳಿಗೆ ನಮ್ಮಲ್ಲಿ ಜಾಗವಿದೆ. ವಿಜಯಪುರ, ಬಾಗಲಕೋಟೆಯಲ್ಲಿ ಮಾರ್ಚ್ ಮಧ್ಯದಿಂದಲೇ ಬೆಳಗಿನ ಶಾಲೆ ಆಗಲಿ, ಮೇ ತಿಂಗಳು ಪೂರ್ತಿ ರಜೆಯಾಗಿಯೇ ಉಳಿಯಲಿ. ಖಾನಾಪುರದಂಥ ತಾಲ್ಲೂಕುಗಳಲ್ಲಿ ಬೇಸಿಗೆ ರಜೆಯ ಹತ್ತು ದಿನಗಳನ್ನು ತೆಗೆದು ಜುಲೈ ಮಳೆಗೆ ಮೀಸಲಿಟ್ಟರೆ, ಆಮೇಲೆ ಶನಿವಾರ ಮಧ್ಯಾಹ್ನ ತರಗತಿ ನಡೆಸಿ ಸರಿದೂಗಿಸುವ ಗೋಜು ತಪ್ಪುತ್ತದೆ. ನದಿ ದಂಡೆಯ ಊರುಗಳಲ್ಲಿ ಶಾಲೆಯನ್ನು ಪ್ರವಾಹ ನಿರಾಶ್ರಿತರ ಕಾಳಜಿ ಕೇಂದ್ರ ಮಾಡುವ ಬದಲು ಸಮುದಾಯ ಭವನವನ್ನು ಮೊದಲೇ ಗುರುತಿಸಿಡಲಿ. ಮೇ ರಜೆಗೆ ಹೊರತಾಗಿ, ಗುಳೆಯ ಊರುಗಳಿಗೆ ಮಾತ್ರ ಯುಗಾದಿಯ ನಂತರದ ಬೆಳಗಿನ ಶಾಲೆ, ಊಟದೊಂದಿಗೆ, ಮೇ ಬಿಸಿಲಿನಲ್ಲಿಯೂ ಹತ್ತು ಗಂಟೆಯೊಳಗೆ ಮುಗಿಯುವಂತೆ ನಡೆಯಲಿ. ಇಡೀ ರಾಜ್ಯಕ್ಕೆ ಒಂದೇ ಪರೀಕ್ಷೆ ಇರುವುದರಿಂದ ಹತ್ತನೇ ತರಗತಿಗೆ ಈ ಸ್ವಾತಂತ್ರ್ಯ ಕಡಿಮೆ. ಒಂದರಿಂದ ಎಂಟರವರೆಗೆ ಅಡ್ಡಿಯಿಲ್ಲ.

ಮುಂದಿನ ವರ್ಷದ ಮಾರ್ಗಸೂಚಿ ಹೊರಬಿದ್ದ ಮೇಲೆ ಮನವಿ ಕೊಟ್ಟರೆ ಪ್ರಯೋಜನವಿಲ್ಲ. ಎಸ್‌ಡಿಎಂಸಿಯಲ್ಲಿ ಈಗಲೇ ಠರಾವು ಮಾಡಿಸಿ, ಅದರಲ್ಲಿ ಗುಳೆ ಹೋದ ಮಕ್ಕಳು ಎಷ್ಟು ಜನ, ಮಳೆಗೆ ತಪ್ಪಿದ ದಿನಗಳು ಎಷ್ಟು, ಮಾರ್ಚ್‌ನಲ್ಲಿ ಮಧ್ಯಾಹ್ನದ ಹಾಜರಿ ಎಷ್ಟು ಎಂಬ ಮೂರು ಲೆಕ್ಕಗಳನ್ನು ಹಾಜರಿ ಪುಸ್ತಕದಿಂದಲೇ ಬರೆದು, ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಇನ್ನೊಂದನ್ನು ಗ್ರಾಮ ಪಂಚಾಯಿತಿಗೂ ಕೊಡಿಸಿ. ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳೇ ಈ ವಿಷಯ ಎತ್ತಿದರೆ ಅದು ನಡಾವಳಿಯಲ್ಲಿ ದಾಖಲಾಗುತ್ತದೆ. ನಿಮ್ಮಂಥ ಹಿರಿಯರು ಜೊತೆಗಿದ್ದು ಬರೆಸಿದ ಠರಾವುಗಳ ಪ್ರತಿಗಳು ನಮ್ಮ ಕಚೇರಿಗೂ ಬಂದರೆ, ಮೂರು ಜಿಲ್ಲೆಗಳ ಲೆಕ್ಕಗಳನ್ನು ಒಟ್ಟಿಗೆ ಪ್ರಕಟಿಸಿ, ಧಾರವಾಡದ ಅಪರ ಆಯುಕ್ತರ ಕಚೇರಿಗೆ ತಲುಪಿಸುವ ಹೊಣೆಯನ್ನು ಈ ಅಂಕಣ ಹೊರುತ್ತದೆ.